ಅಕ್ಕ ಯೋಜಿಸಿದ ಕಂಪ್ಯೂಟರ್ ಖೋಲಿ

ಶಿಗ್ಗಾಂವದಲ್ಲಿ ನಮ್ಮ ಕಂಪನಿಯ ಜಿನ್ನು, ಹತ್ತಿಯಿಂದ ಬೀಜ ಬಿಡಿಸುವ ಗಿರಣಿ, ಹೆದ್ದಾರಿಗೆ ಮುಖ ಮಾಡಿಕೊಂಡಿತ್ತು. ಅದರ ಬೆನ್ನಿಗೆ, ಎರಡು ಗೋದಾಮುಗಳ ನಡುವೆ, ತಗಡಿನ ಮಾಡಿನ ಉದ್ದನೆಯ ಖೋಲಿಯೊಂದಿತ್ತು. ಎಲ್ಲರೂ ಅದನ್ನು ಮಷಿನ್ ಖೋಲಿ ಎನ್ನುತ್ತಿದ್ದರು. ಕಂಪನಿ ರೈತರಿಂದ ಹತ್ತಿ ಕೊಳ್ಳುತ್ತಿತ್ತು, ಬಿತ್ತನೆಯ ಬೀಜ ಮಾರುತ್ತಿತ್ತು. ಹಾನಗಲ್ಲ, ಸವಣೂರು, ಹಿರೇಕೆರೂರುಗಳಲ್ಲಿ ಶಾಖೆಗಳಿದ್ದವು. ಯಾವ ಊರಿನಿಂದ ಎಷ್ಟು ಹತ್ತಿ ಬಂತು, ಯಾವ ಬೀಜ ಎಷ್ಟು ಚೀಲ ಹೋಯಿತು ಎಂಬುದೆಲ್ಲ ಈ ಖೋಲಿಗೆ ಬಂದು ದಪ್ಪ ಕಾಗದದ ಕಾರ್ಡುಗಳ ಮೇಲೆ ತೂತುಗಳಾಗುತ್ತಿತ್ತು. ತೂತು ಹೊಡೆಯುವ ಪಂಚ್ ಮಷಿನ್ನುಗಳ ಮುಂದೆ ನಾವು ಹೆಣ್ಣುಮಕ್ಕಳು. ಕಾರ್ಡು ವಿಂಗಡಿಸಲು ಒಂದು ದೊಡ್ಡ ಯಂತ್ರ, ಲೆಕ್ಕ ಕೂಡಿಸಿ ಅಚ್ಚು ಹಾಕಲು ಇನ್ನೊಂದು. ಎಲ್ಲವೂ ಮುಂಬಯಿಯ ಗಿರಣಿಯೊಂದು ಬಳಸಿ ಬಿಟ್ಟವು.

ಅಕ್ಕ ಅಲ್ಲಿ ನೌಕರಿಗೆ ಸೇರಿದ್ದು ಎಪ್ಪತ್ತರ ದಶಕದ ನಡುವಿನಲ್ಲಿ. ನಾವು ಹಂಸಭಾವಿಯವರು. ಅಪ್ಪನಿಗೆ ತುಂಡು ಹೊಲವಿತ್ತು. ಅಲ್ಲಿ ಕೆಲಸವಿಲ್ಲದ ದಿನ ಅಪ್ಪ ಅವ್ವ ಇಬ್ಬರೂ ಬೇರೆಯವರ ಹೊಲಕ್ಕೆ ಹೋಗುತ್ತಿದ್ದರು. ಮನೆಯಲ್ಲಿ ಬುದ್ಧನ ಪಟದ ಕೆಳಗೆ ಕಂದೀಲು ತೂಗುತ್ತಿತ್ತು, ಅದರ ಬೆಳಕಿನಲ್ಲಿ ಅಕ್ಕ ಓದುತ್ತಿದ್ದಳು. ನಮ್ಮ ಓಣಿಯಲ್ಲಿ ಮೆಟ್ರಿಕ್ ಪಾಸಾದ ಮೊದಲ ಹುಡುಗಿ ಅವಳು. ನೌಕರಿ ಸಿಕ್ಕಿ ಶಿಗ್ಗಾಂವದಲ್ಲಿ ಒಂದು ಬಾಡಿಗೆ ಮನೆ ಹಿಡಿದ ಮೇಲೆ ನನ್ನನ್ನೂ ಕರೆಸಿಕೊಂಡು ಕಾಲೇಜಿಗೆ ಹಚ್ಚಿದಳು. ಕಾಲೇಜು ಮುಗಿಸಿ ನಾನೂ ಅದೇ ಮಷಿನ್ ಖೋಲಿಗೆ ಸೇರಿದೆ.

ಮೊದಲ ದಿನ ಒಳಗೆ ಕಾಲಿಟ್ಟವಳೇ ಎರಡೂ ಕಿವಿ ಮುಚ್ಚಿಕೊಂಡೆ. ಪಂಚ್ ಮಷಿನ್ನುಗಳ ಟಕಟಕ ಹೇಗೋ ತಡೆಯಬಹುದಿತ್ತು. ಕಾರ್ಡು ವಿಂಗಡಿಸುವ ಯಂತ್ರ ಶುರುವಾದರೆ ತಗಡಿನ ಮೇಲೆ ಆಣೆಕಲ್ಲು ಸುರಿದಂತೆ. ಅಚ್ಚಿನ ಯಂತ್ರವೂ ಅದಕ್ಕೆ ಸೇರಿಕೊಂಡರೆ ಎದುರಿಗೆ ಕುಳಿತವಳ ತುಟಿ ಆಡುವುದು ಕಾಣುತ್ತಿತ್ತೇ ಹೊರತು ಮಾತು ಕೇಳುತ್ತಿರಲಿಲ್ಲ. ಹತ್ತಿಯ ಕಂಪನಿಯಲ್ಲಿ ಅರಳೆಗೇನು ಬರ? ಎಲ್ಲರೂ ಕಿವಿಯಲ್ಲಿ ಅರಳೆ ತುರುಕಿಕೊಂಡು ಕೂರುತ್ತಿದ್ದೆವು. ಅಕ್ಕ ಮಾತ್ರ ಇಟ್ಟುಕೊಳ್ಳುತ್ತಿರಲಿಲ್ಲ. ಅಷ್ಟರಲ್ಲಿ ಅವಳು ಪಂಚ್ ಕೆಲಸ ಬಿಟ್ಟು ದೊಡ್ಡ ಯಂತ್ರಗಳನ್ನು ನಡೆಸುವ ಕೆಲಸಕ್ಕೆ ಬಂದಿದ್ದಳು.

"ನೀನೂ ಅರಳಿ ಇಟ್ಕೋ ಯಕ್ಕಾ, ತಲಿ ಒಡದ ಹೋಗ್ತೈತಿ" ಎಂದೆ ಒಂದು ದಿನ.

"ಕಾರ್ಡು ಸಿಕ್ಕೊಂಡ್ರ ಮೊದಲ ಸಪ್ಪಳ ಬದಲಾಗತೈತಿ. ಕಿವಿ ಮುಚ್ಕೊಂಡ್ರ ಅವು ಹರದು ಚೂರಾದ ಮ್ಯಾಲೇ ತಿಳಿಯೂದು" ಎಂದಳು. ಹರಿದ ಒಂದೊಂದು ಕಾರ್ಡನ್ನೂ ಯಾರಾದರೂ ಮತ್ತೆ ಹೊಡೆಯಬೇಕಾಗುತ್ತಿತ್ತು. ಆ ಕೆಲಸ ನಮ್ಮ ಮೇಲೆ ಬೀಳಬಾರದೆಂದು ಅವಳು ಕಿವಿ ತೆರೆದಿಟ್ಟುಕೊಂಡೇ ನಿಲ್ಲುತ್ತಿದ್ದಳು, ಬೆಳಗಿನಿಂದ ಸಂಜೆಯವರೆಗೆ, ವರ್ಷಗಟ್ಟಲೆ.

ಖೋಲಿಯ ಮುಖ್ಯಸ್ಥರನ್ನು ನಾವು ಸಾಹೇಬರು ಎನ್ನುತ್ತಿದ್ದೆವು. ಸವಣೂರಿನ ವೈಷ್ಣವ ಮನೆತನದವರು. ತಂದೆ ಮನೆಯಲ್ಲೇ ಶಾಸ್ತ್ರಪಾಠ ಹೇಳುತ್ತಿದ್ದರಂತೆ. ಇವರು ಮುಂಬಯಿಗೆ ಹೋಗಿ ಯಂತ್ರದ ಕೆಲಸ ಕಲಿತು ಬಂದಿದ್ದರು. ಹಣೆಯಲ್ಲಿ ಅಂಗಾರದ ಗೆರೆ, ಜೇಬಿನಲ್ಲಿ ಸ್ಕ್ರೂಡ್ರೈವರು. ಯಂತ್ರ ಬಿಚ್ಚಿ ಜೋಡಿಸುವುದನ್ನು ಅಕ್ಕನಿಗೆ ಕಲಿಸಿದವರು ಅವರೇ. ಜಿನ್ನಿನಲ್ಲಿ ಇನ್ನೂ ಕೆಲವರು ನಮ್ಮಿಬ್ಬರಿಗೆ ಚಹದ ಲೋಟ ಬೇರೆ ಇಡುತ್ತಿದ್ದ ಕಾಲ ಅದು. ಸಾಹೇಬರು ಒಂದು ಮಧ್ಯಾಹ್ನ ತಮ್ಮ ಡಬ್ಬಿ ತಂದು ನಮ್ಮ ಎದುರಿಗೆ ಕುಳಿತು, "ಏನ್ ತಂದೀ, ಶೇಂಗಾಚಟ್ನಿ ಏನು? ಒಂಚೂರು ಇಲ್ಲೆ ಹಾಕು" ಎಂದು ಚಪಾತಿ ಮುಂದೆ ಹಿಡಿದರು. ಆ ಬಗ್ಗೆ ಅವರೂ ಮತ್ತೆ ಮಾತಾಡಲಿಲ್ಲ, ಅಕ್ಕನೂ ಆಡಲಿಲ್ಲ. ಅಂದಿನಿಂದ ಅವಳು ಚಟ್ನಿ ಮಾತ್ರ ಸ್ವಲ್ಪ ಹೆಚ್ಚು ಕಟ್ಟಿಕೊಂಡು ಹೋಗುತ್ತಿದ್ದಳು.

ಎಂಬತ್ತರ ದಶಕ ಶುರುವಾಗುವ ಹೊತ್ತಿಗೆ ಯಂತ್ರಗಳು ಕೈಕೊಡತೊಡಗಿದವು. ಬಿಡಿಭಾಗಗಳು ಮುಂಬಯಿಯಲ್ಲೂ ಸಿಗದಾದವು. ಜಿನ್ನಿನ ದೂಳು ಎಷ್ಟು ಒರೆಸಿದರೂ ಒಳಗೆ ಸೇರಿಕೊಂಡು ಕಾರ್ಡುಗಳು ಅಂಟಿಕೊಳ್ಳುತ್ತಿದ್ದವು. ಒಂದು ದಿನ ಕಂಪನಿಯ ಸಾವುಕಾರರು ಸಾಹೇಬರನ್ನೂ ಅಕ್ಕನನ್ನೂ ಕರೆಸಿದರು. ಯಂತ್ರದ ರಿಪೋರ್ಟು ಹಿಡಿದುಕೊಂಡು ನಾನೂ ಹಿಂದೆ ಹೋಗಿದ್ದೆ.

"ಈ ಡಬ್ಬಿ ಇನ್ನ ಎಷ್ಟ ದಿನಾ ನೂಕತೀರಿ?" ಎಂದರು ಸಾವುಕಾರರು. "ಹುಬ್ಬಳ್ಳ್ಯಾಗ ಕಂಪ್ಯೂಟರ್ ಬಂದಾವಂತ. ನಮಗೂ ಬೇಕು. ಯಾವುದು ತರೂದು, ಎಲ್ಲಿ ಇಡೂದು, ಯಾರು ಏನ್ ಮಾಡೂದು, ಎಲ್ಲಾ ಮುಂದಿಂದು ವಿಚಾರ ಮಾಡಿ ಬರದು ಕೊಡ್ರಿ."

ಸಾಹೇಬರು ತಲೆ ಅಲ್ಲಾಡಿಸಿದರು. "ನಾ ಇನ್ನೇನು ರಿಟೈರ್ ಆಗಾಂವ ರೀ. ಮುಂದಿಂದು ಮುಂದ ಇರೋವ್ರೇ ಬರೀಬೇಕು. ಈಕಿ ಬರೀಲಿ. ನಾ ಜೋಡಿ ಇರತೇನಿ."

ಸಾವುಕಾರರು ಅಕ್ಕನನ್ನು ಒಮ್ಮೆ ನೋಡಿ, "ಆಗ್ಲಿ ತಂಗಿ, ಬರಿ. ಖೋಲಿ ಕಟ್ಟಿದ ಮ್ಯಾಲೆ ನಡಸಾಕಿನೂ ನೀನ" ಎಂದರು.

ಆ ಸಂಜೆ ಅಕ್ಕ ಬಸ್‌ಸ್ಟ್ಯಾಂಡಿನ ಅಂಗಡಿಯಲ್ಲಿ ನನಗೆ ಮಿರ್ಚಿಭಜಿ ಕೊಡಿಸಿದಳು. ತಾನು ಒಂದನ್ನೂ ಪೂರ್ತಿ ತಿನ್ನಲಿಲ್ಲ, ಮಾತಾಡುತ್ತಲೇ ಇದ್ದಳು. ಹೊಸ ಖೋಲಿ ಜಿನ್ನಿನಿಂದ ದೂರ, ಕಂಪನಿಯ ಖಾಲಿ ಜಾಗದಲ್ಲಿ, ಗಾಳಿ ಬೀಸುವ ದಿಕ್ಕು ನೋಡಿ ಕಟ್ಟಬೇಕು. ತಗಡು ಬೇಡ, ಆರ್‌ಸಿಸಿ ಛಾವಣಿ. ಕರೆಂಟು ಹೋದರೆ ತನ್ನದೇ ಜನರೇಟರು. ಎಲ್ಲಕ್ಕಿಂತ ಹೆಚ್ಚಾಗಿ ಅವಳಿಗೆ ಒಂದು ಆಸೆ ಇತ್ತು. "ಒಬ್ಬರ ಮಾತು ಒಬ್ಬರಿಗೆ ಕೇಳಬೇಕು ನೋಡು. ಕಂಪ್ಯೂಟರ್ ಸಪ್ಪಳಾನ ಮಾಡೂದಿಲ್ಲಂತ. ಮೆಲ್ಲಕ ಮಾತಾಡಿದ್ರೂ ಕೇಳತೈತಂತ."

ಯೋಜನೆಗಾಗಿ ಮೂರೂ ಶಾಖೆಗಳನ್ನು ನೋಡಿ ಬರಲು ಸಾಹೇಬರು ನಮ್ಮಿಬ್ಬರನ್ನು ಕಳಿಸಿದರು. ಸವಣೂರು ಹತ್ತಿರ, ಅಲ್ಲಿ ತೊಂದರೆಯೂ ಕಡಿಮೆ. ಹಾನಗಲ್ಲಿಗೆ ಹೋದಾಗ ಮಳೆಗಾಲ. ಶಾಖೆಯ ಗುಮಾಸ್ತ ದಿನದ ಲೆಕ್ಕವನ್ನು ಬಟ್ಟೆಯ ಚೀಲದಲ್ಲಿ ಕಟ್ಟಿ ಬಸ್ಸಿನ ಕಂಡಕ್ಟರನ ಕೈಯಲ್ಲಿ ಕಳಿಸುತ್ತಿದ್ದ. ಬಸ್ಸು ಕೆಟ್ಟರೆ, ಹಳ್ಳ ಬಂದರೆ ಅದು ನಮಗೆ ಮುಟ್ಟುತ್ತಿದ್ದುದು ಯಾವಾಗಲೋ. ಹಿರೇಕೆರೂರಿಗೆ ಹೋದ ದಿನ ಅಲ್ಲಿ ಸಂತೆ. ಶಾಖೆಯ ಕಟ್ಟೆಯ ಮೇಲೆ ರೈತರು ಬೀಜಕ್ಕಾಗಿ ಕುಳಿತಿದ್ದರು. ಗೋವಿನಜೋಳದ ಬೀಜ ಮುಗಿದಿತ್ತು. ಶಿಗ್ಗಾಂವದ ಗೋದಾಮಿನಲ್ಲಿ ಅದು ಬೇಕಾದಷ್ಟಿದ್ದರೂ ಇಲ್ಲಿ ಮುಗಿದಿದೆ ಎಂಬುದು ಅಲ್ಲಿ ಯಾರಿಗೂ ಗೊತ್ತಿರಲಿಲ್ಲ. ನಮ್ಮ ಅಪ್ಪನ ವಯಸ್ಸಿನವನೊಬ್ಬ ಖಾಲಿ ಚೀಲ ಹೆಗಲಿಗೆ ಹಾಕಿಕೊಂಡು ಎದ್ದು ಹೋದ. ಅಕ್ಕ ಅವನು ಸಂತೆಯ ಗದ್ದಲದಲ್ಲಿ ಮರೆಯಾಗುವವರೆಗೆ ನೋಡಿದಳು.

"ಕಂಪ್ಯೂಟರ್ ತಂದ್ರೂ ಲೆಕ್ಕ ಬಸ್ಸಿನ್ಯಾಗ ಬಂದ್ರ ಏನ್ ಬಂತು?" ಎಂದಳು ವಾಪಸು ಬರುವಾಗ. "ದಿನಾ ಸಂಜೀಕ ಮೂರೂ ಕಡಿಂದ ಫೋನ್ ಬರಬೇಕು. ಅವರು ಹೇಳಬೇಕು, ನಾವು ಕೇಳಿ ಆಗಿಂದಾಗ ಮಷಿನ್ನಿಗೆ ಹಾಕಬೇಕು. ಮರದಿನ ಮುಂಜಾನಿ ಬೀಜದ ಗಾಡಿ ಹೊಂಡಬೇಕು."

"ಫೋನ್ ಯಾರು ಹಿಡೀತಾರ?" ಎಂದೆ.

ಅವಳು ಕಿಟಕಿಯಾಚೆ ನೋಡುತ್ತಿದ್ದಳು. ಮತ್ತೊಮ್ಮೆ ಕೇಳಿದೆ. ಉತ್ತರ ಬರಲಿಲ್ಲ. ಭುಜ ಮುಟ್ಟಿದಾಗ ತಿರುಗಿ, "ಹಾಂ? ಹಂಸಭಾವಿ ಇನ್ನೂ ಮುಂದ ಐತಿ" ಎಂದಳು.

ಬಸ್ಸಿನ ಸದ್ದು ಎಂದುಕೊಂಡೆ. ಹಾನಗಲ್ಲಿನಲ್ಲಿ ಗುಮಾಸ್ತ ಮಳೆಯ ಬಗ್ಗೆ ಹೇಳಿದಾಗ ಇವಳು ಚೀಲದ ಬಗ್ಗೆ ಉತ್ತರ ಕೊಟ್ಟದ್ದು ಆಗ ನೆನಪಾಯಿತು. ಮನೆಯಲ್ಲಿ ಊಟಕ್ಕೆ ಕೂರುವಾಗ ಅವಳು ನನ್ನನ್ನು ಯಾವಾಗಲೂ ಬಲಮಗ್ಗುಲಿಗೇ ಕೂರಿಸಿಕೊಳ್ಳುತ್ತಿದ್ದಳು. ನಾನು ಮಾತಾಡುವಾಗ ನನ್ನ ಬಾಯನ್ನೇ ನೋಡುತ್ತಿದ್ದಳು. ಅದನ್ನು ನಾನು ಪ್ರೀತಿ ಎಂದುಕೊಂಡಿದ್ದೆ.

ಯೋಜನೆ ಬರೆದು ಮುಗಿಸಲು ಅವಳಿಗೆ ಆ ಮಳೆಗಾಲವಿಡೀ ಹಿಡಿಯಿತು. ಖೋಲಿಯ ನಕ್ಷೆಯನ್ನು ತಾನೇ ಹಾಕಿದಳು. ಚಪ್ಪಲಿ ಬಿಡುವ ಜಾಗ, ತಂಪು ಗಾಳಿಯ ಪೆಟ್ಟಿಗೆ, ಹಳೆಯ ಕಾರ್ಡುಗಳಿಗೊಂದು ಒಣ ಕೋಣೆ. ಪಂಚ್ ಹೊಡೆಯುತ್ತಿದ್ದ ನಮ್ಮಲ್ಲಿ ಯಾರನ್ನೂ ಬಿಡಿಸಬಾರದು, ಎಲ್ಲರಿಗೂ ಕಂಪ್ಯೂಟರ್ ಕಲಿಸಬೇಕು ಎಂದು ಬರೆದಳು. ಖೋಲಿಯ ಮುಖ್ಯಸ್ಥರಾದವರು ದಿನವೂ ಸಂಜೆ ಮೂರೂ ಶಾಖೆಗಳ ಫೋನನ್ನು ತಾವೇ ತೆಗೆದುಕೊಳ್ಳಬೇಕು, ಸಂಖ್ಯೆಗಳನ್ನು ತಿರುಗಿ ಓದಿ ಹೇಳಿ ಖಾತ್ರಿ ಮಾಡಿಕೊಳ್ಳಬೇಕು, ಬೇರೆಯವರ ಮೇಲೆ ಬಿಡಬಾರದು ಎಂದೂ ಬರೆದಳು. ಸಾಹೇಬರು ಓದಿ ಒಂದೆರಡು ಕಡೆ ಇಂಗ್ಲಿಷ್ ತಿದ್ದಿದರು. "ಛಲೋ ಬರದೀಯವಾ. ಇದರಾಗ ತಗೀಲಿಕ್ಕೆ ಏನೂ ಇಲ್ಲ" ಎಂದರು. ಸಾವುಕಾರರು ಒಪ್ಪಿಕೊಂಡರು. ಬುನಾದಿ ತೋಡಲು ಶುರುವಾಯಿತು.

ಕಟ್ಟಡ ಏಳುತ್ತಿರುವಾಗಲೇ ಫೋನಿನ ಏರ್ಪಾಟನ್ನು ಹಳೆಯ ಖೋಲಿಯಲ್ಲಿ ಪರೀಕ್ಷೆ ಮಾಡಿ ನೋಡೋಣ ಎಂದು ನಿರ್ಧಾರವಾಯಿತು. ಸಂಜೆ ಯಂತ್ರಗಳನ್ನು ನಿಲ್ಲಿಸಿ ಎಲ್ಲರೂ ಸುಮ್ಮನೆ ಕೂರುತ್ತಿದ್ದೆವು. ಟ್ರಂಕ್ ಕಾಲ್ ಬರುತ್ತಿತ್ತು. ಅಕ್ಕ ರಿಸೀವರನ್ನು ಬಲಗಿವಿಗೆ ಒತ್ತಿ ಹಿಡಿದು, ಹುಬ್ಬು ಗಂಟಿಕ್ಕಿಕೊಂಡು ಬರೆಯುತ್ತಿದ್ದಳು. ಹಾನಗಲ್ಲಿನ ಗುಮಾಸ್ತನ ದನಿ ನಮಗೆ ಮೇಜಿನಾಚೆಗೂ ಕೇಳಿಸುತ್ತಿತ್ತು. ಅಕ್ಕ ಮಾತ್ರ "ಇನ್ನೊಮ್ಮೆ ಹೇಳ್ರಿ, ಲೈನ್ ಸರಿ ಇಲ್ಲ" ಎನ್ನುತ್ತಿದ್ದಳು.

ಕೆಲವು ದಿನ ಹೀಗೆಯೇ ನಡೆಯಿತು. ಒಂದು ಸಂಜೆ ಹಿರೇಕೆರೂರಿನವರು ಎಪ್ಪತ್ತು ಚೀಲ ಬೀಜ ಬೇಕು ಎಂದರು. ಅಕ್ಕ ಇಪ್ಪತ್ತು ಎಂದು ಬರೆದುಕೊಂಡಳು. ತಿರುಗಿ ಓದಿ ಹೇಳಿದಳು ಕೂಡ. ಆಚೆಯವರು "ಅಲ್ರೀ, ಎಪ್ಪತ್ತು, ಎಪ್ಪತ್ತು" ಎಂದದ್ದು ಅವಳಿಗೆ ಹೌದೆಂದಂತೆ ಕೇಳಿಸಿತು. ಗಾಡಿ ಇಪ್ಪತ್ತು ಚೀಲ ಹೊತ್ತು ಹೋಯಿತು. ಬಿತ್ತನೆಯ ದಿನಗಳು. ಹಿರೇಕೆರೂರಿನ ಕಟ್ಟೆಯ ಮೇಲೆ ಮತ್ತೆ ಜನ ಕುಳಿತರು, ಸಿಟ್ಟಾದರು, ಬೇರೆ ಅಂಗಡಿಗೆ ಹೋದರು.

ಸಾಹೇಬರು ಅಕ್ಕನನ್ನು ಬೈಯಲಿಲ್ಲ. ಎಲ್ಲರೂ ಮನೆಗೆ ಹೋದ ಮೇಲೆ ನಮ್ಮಿಬ್ಬರನ್ನು ನಿಲ್ಲಿಸಿಕೊಂಡರು. ಅಕ್ಕನ ಬೆನ್ನಹಿಂದೆ ಹೋಗಿ ನಿಂತು, ಎಂದಿನ ದನಿಯಲ್ಲಿ ಅವಳ ಹೆಸರು ಹಿಡಿದು ಕರೆದರು. ಅವಳು ಕಾರ್ಡಿನ ಡಬ್ಬಿ ಜೋಡಿಸುತ್ತಲೇ ಇದ್ದಳು. ಮತ್ತೆ ಕರೆದರು. ಅವಳು ತಿರುಗಲಿಲ್ಲ. ಸಾಹೇಬರು ನನ್ನ ಕಡೆ ನೋಡಿದರು, ಕನ್ನಡಕ ತೆಗೆದು ಧೋತರದ ಚುಂಗಿನಿಂದ ಒರೆಸತೊಡಗಿದರು. ಆಮೇಲೆ ಅವಳ ಎದುರಿಗೆ ಬಂದು ಕುಳಿತು, "ಎಂದಿನಿಂದ ಹಿಂಗ ಆಗೇದವಾ?" ಎಂದರು.

ಅಕ್ಕನಿಗೆ ಅರ್ಥವಾಯಿತು. ತಲೆ ತಗ್ಗಿಸಿ, "ಭಾಳ ದಿನಾತ್ರಿ. ಹೊಸ ಖೋಲಿಗೆ ಹೋದ್ರ ಸರಿ ಆಗತೈತಿ ಅನ್ಕೊಂಡಿದ್ದೆ" ಎಂದಳು.

ಹುಬ್ಬಳ್ಳಿಯ ಕಿವಿ ಡಾಕ್ಟರರಲ್ಲಿಗೆ ಸಾಹೇಬರೇ ಕರೆದುಕೊಂಡು ಹೋದರು. ಡಾಕ್ಟರು ಪರೀಕ್ಷೆ ಮಾಡಿ, ಯಂತ್ರದ ಸದ್ದಿಗೆ ಒಳಗಿನ ನರ ಸೊರಗಿ ಹೋಗಿದೆ, ಎಡಗಿವಿ ಹೆಚ್ಚುಕಡಿಮೆ ಮುಗಿದಿದೆ, ಬಲಗಿವಿಯೂ ಅದೇ ದಾರಿಯಲ್ಲಿದೆ, ಔಷಧಿ ಇಲ್ಲ ಎಂದರು. ಕಿವಿಗೆ ಹಾಕುವ ಮಷಿನ್ ಕೊಟ್ಟರು. ಬೆಂಕಿಪೊಟ್ಟಣಕ್ಕಿಂತ ದೊಡ್ಡದೊಂದು ಪೆಟ್ಟಿಗೆ, ಅದರಿಂದ ಕಿವಿಗೆ ವೈರು. ಅದನ್ನು ಹಾಕಿಕೊಂಡು ಬಸ್‌ಸ್ಟ್ಯಾಂಡಿಗೆ ಬಂದ ಅಕ್ಕ, ಹಾರ್ನಿನ ಸದ್ದಿಗೆ ಕಿವಿ ಹಿಡಿದುಕೊಂಡು ಅಲ್ಲೇ ಕುಕ್ಕರಿಸಿದಳು. ಸದ್ದು ದೊಡ್ಡದಾಗುತ್ತಿತ್ತು, ಮಾತು ತಿಳಿಯಾಗುತ್ತಿರಲಿಲ್ಲ. ಫೋನಿನಲ್ಲಂತೂ ಅದು ಕೀರಲು ಸಿಳ್ಳೆ ಹಾಕುತ್ತಿತ್ತು.

ರಾಣೇಬೆನ್ನೂರಿನ ಕಡೆಯ ಶಾಲಾಮಾಸ್ತರರೊಬ್ಬರ ಜೊತೆ ಆಗ ಅವಳ ಮದುವೆಯ ಮಾತು ನಡೆದಿತ್ತು. ಅಪ್ಪ ಮುಚ್ಚಿಡಬಾರದೆಂದು ಹೋಗಿ ವಿಷಯ ಹೇಳಿ ಬಂದ. ಅವರು ಕೆಟ್ಟ ಮಾತೇನೂ ಆಡಲಿಲ್ಲ. ಚಹ ಕೊಟ್ಟರಂತೆ. ಆಮೇಲೆ ಅವರ ಕಡೆಯಿಂದ ಯಾರೂ ಬರಲಿಲ್ಲ. ಅವ್ವ ಬಹಳ ಅತ್ತಳು. ಅಕ್ಕ ಅವಳ ಬೆನ್ನು ಸವರುತ್ತಾ, "ನನಗ ಕೇಳೂದಿಲ್ಲಂತ ಜೋರ ಅಳತೀ ಏನ?" ಎಂದಳು. ಅವ್ವ ಅಳುತ್ತಲೇ ನಕ್ಕು, ಇನ್ನೂ ಹೆಚ್ಚು ಅತ್ತಳು.

ಹೊಸ ಖೋಲಿ ಮುಗಿಯಿತು. ಸಾವುಕಾರರು ಅಕ್ಕನನ್ನು ಕರೆಸಿದರು. ನಾನು ಪಕ್ಕದಲ್ಲಿ ನಿಂತು ಅವರ ಮಾತನ್ನು ಅವಳ ಬಲಗಿವಿಗೆ ತಿರುಗಿ ಹೇಳುತ್ತಿದ್ದೆ.

"ತಂಗಿ, ನೀನ ಬರದೀದಿ, ಮುಖ್ಯಸ್ಥರು ಫೋನ್ ತಗೋಬೇಕಂತ. ಹೌದಿಲ್ಲೋ? ನಾ ಏನ್ ಮಾಡ್ಲಿ ಹೇಳು."

ನನಗೆ ತಡೆಯಲಾಗಲಿಲ್ಲ. "ಫೋನ್ ನಾ ತಗೋತೇನ್ರಿ. ಖೋಲಿ ಅಕ್ಕ ನಡಸ್ಲಿ. ಆ ಒಂದು ಮಾತು ತಗದ್ರ ಏನ್ ಗಂಟ ಹೋಗತೈತ್ರಿ?" ಎಂದೆ.

ಸಾವುಕಾರರು ಕಿಟಕಿಯ ಕಡೆ ನೋಡಿದರು. ನನ್ನ ಬಾಯಿ ನೋಡಿಯೇ ಅಕ್ಕ ಮಾತು ತಿಳಿದುಕೊಂಡಿದ್ದಳು. ನನ್ನ ಕೈ ಹಿಡಿದು ಹಿಂದಕ್ಕೆ ಎಳೆದಳು.

ಹೊರಗೆ ಬಂದ ಮೇಲೆ ಅವಳ ಮೇಲೆಯೇ ಸಿಟ್ಟಾದೆ. ಅವಳಿಗೆ ಕೇಳಲೆಂದು ಅರಚಿದೆ. "ಯೋಜನಾ ನೀ ಬರದಿದ್ದು, ನಿನ್ನ ಕೈಲೆ ತಿದ್ದಾಕ ಬರೂದಿಲ್ಲೇನ?"

"ತಿದ್ದಬಹುದು" ಎಂದಳು. "ಒಬ್ಬರು ಕೇಳಿ ಇನ್ನೊಬ್ಬರಿಗೆ ಹೇಳಿದ್ರ ನಡುವ ಎಲ್ಲೋ ತಪ್ಪತೈತಿ. ಹಿರೇಕೆರೂರಾಗ ಮತ್ತ ಮಂದಿ ಖಾಲಿ ಚೀಲ ಹಿಡ್ಕೊಂಡ ಹೋಗ್ತಾರ. ನಾ ಅದನ್ನ ನನ್ನ ಸಲುವಾಗಿ ಬರದಿದ್ದಿಲ್ಲ." ಸ್ವಲ್ಪ ದೂರ ನಡೆದ ಮೇಲೆ, "ಆ ಜಾಗಾಕ್ಕ ನಿನ್ನ ಕರೀತಾರ. ಒಲ್ಲೆ ಅನಬ್ಯಾಡ" ಎಂದಳು.

ಹಾಗೆಯೇ ಆಯಿತು. ಒಲ್ಲೆ ಎಂದು ಎರಡು ದಿನ ಊಟ ಬಿಟ್ಟೆ. ಅಕ್ಕ ಬೈದು ಉಣಿಸಿದಳು, ಬೈದೇ ಕಳಿಸಿದಳು.

ಕಂಪ್ಯೂಟರ್ ಶುರು ಮಾಡಿದ ದಿನ ಎಲ್ಲರಿಗೂ ಪೇಡೆ ಹಂಚಿದರು. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋದೆವು. ನಿಜಕ್ಕೂ ಅಲ್ಲಿ ಸದ್ದೇ ಇರಲಿಲ್ಲ. ತಂಪು ಗಾಳಿಯ ಸುಯ್ಯೆನ್ನುವ ದನಿ ಬಿಟ್ಟರೆ ಯಾರದೋ ಬಳೆಯ ಸಪ್ಪಳವೂ ಕೇಳುತ್ತಿತ್ತು. ಪಂಚ್ ಹುಡುಗಿಯರು ಪಿಸುಪಿಸು ಮಾತಾಡಿ ನಗುತ್ತಿದ್ದರು. ಅಕ್ಕ ನಡುವೆ ನಿಂತು ಒಬ್ಬೊಬ್ಬರ ಮುಖವನ್ನೂ ನೋಡಿದಳು. ನನ್ನ ಹತ್ತಿರ ಬಂದು, "ಕೇಳತೈತೇನ? ಎಲ್ಲಾರ ಮಾತೂ?" ಎಂದಳು. ಅವಳು ಅದನ್ನು ಪಿಸುಮಾತು ಎಂದುಕೊಂಡಿದ್ದಳು. ಆದರೆ ಖೋಲಿಗೆಲ್ಲ ಕೇಳಿಸುವಷ್ಟು ಜೋರಾಗಿತ್ತು. ನಾನು ಹೌದೆಂದು ತಲೆಯಾಡಿಸಿದೆ. ಅವಳ ಮುಖದಲ್ಲಿ ಮೂಡಿದ ಸಂತೋಷ ನಿಜವಾದದ್ದು. ಅದನ್ನು ನೋಡಲಾಗದೆ ಗೋಡೆಯ ಕಡೆ ತಿರುಗಿದೆ.

ಅಕ್ಕನಿಗೆ ಹಿರೇಕೆರೂರು ಶಾಖೆಯಲ್ಲಿ ಬೀಜದ ಚೀಲಗಳಿಗೆ ಚೀಟಿ ಕಟ್ಟಿಸುವ ಕೆಲಸ ಕೊಟ್ಟರು. ಹಂಸಭಾವಿಯಿಂದ ಓಡಾಡುತ್ತಿದ್ದಳು. ನಾನು ಶಿಗ್ಗಾಂವದಲ್ಲಿ ದಿನವೂ ಸಂಜೆ ಫೋನು ಹಿಡಿಯುತ್ತಿದ್ದೆ. ಹಿರೇಕೆರೂರಿನ ಕರೆ ಬಂದಾಗ ಅಲ್ಲಿನ ಗುಮಾಸ್ತನ ದನಿಯ ಹಿಂದೆ ಒಮ್ಮೊಮ್ಮೆ ಅಕ್ಕ ಯಾರಿಗೋ ಚೀಲ ಎತ್ತಿಡಲು ಹೇಳುವುದು ಕೇಳಿಸುತ್ತಿತ್ತು. ನಾನು ಕೇಳುತ್ತಿದ್ದೇನೆಂಬುದು ಅವಳಿಗೆ ತಿಳಿಯುವಂತಿರಲಿಲ್ಲ. ಗುಮಾಸ್ತ ಸಂಖ್ಯೆ ಹೇಳುತ್ತಿದ್ದ. ನಾನು ತಿರುಗಿ ಓದಿ ಹೇಳಿ ಖಾತ್ರಿ ಮಾಡಿಕೊಳ್ಳುತ್ತಿದ್ದೆ.

ಮೊದಮೊದಲು ರಜೆಗೆ ಮನೆಗೆ ಹೋದರೆ ಅಕ್ಕ ಖೋಲಿಯ ಬಗ್ಗೆ ಬಿಡದೆ ಕೇಳುತ್ತಿದ್ದಳು. ನಾನು ಪಾಟಿಯ ಮೇಲೆ ಬರೆದು ತೋರಿಸುತ್ತಿದ್ದೆ. ಬರಬರುತ್ತ ಕೇಳುವುದನ್ನು ಕಡಿಮೆ ಮಾಡಿದಳು. ಮಾತನ್ನೂ ಕಡಿಮೆ ಮಾಡಿದಳು. ತನ್ನ ದನಿ ಎಷ್ಟು ಜೋರಾಗುತ್ತದೆಂದು ತಿಳಿಯದೆ ಜನ ತಿರುಗಿ ನೋಡುತ್ತಿದ್ದುದು ಅವಳಿಗೆ ನಾಚಿಕೆ ತಂದಿತ್ತು. ಸಾಹೇಬರು ನಿವೃತ್ತರಾಗಿ ಸವಣೂರಿನಲ್ಲಿದ್ದರು. ಒಮ್ಮೆ ನೋಡಲು ಹೋದಾಗ, "ಅರಳಿ ಇಟ್ಕೊಳ್ಳವಾ ಅಂತ ನಾ ಗದರಿಸಿ ಹೇಳಬೇಕಿತ್ತು" ಎಂದರು. ಅವರು ಹೇಳಿದ್ದರೂ ಅವಳು ಇಟ್ಟುಕೊಳ್ಳುತ್ತಿರಲಿಲ್ಲ.

ಎಂಬತ್ತರ ದಶಕ ಮುಗಿಯುವ ಮೊದಲೇ ಸಾವುಕಾರರ ಮಕ್ಕಳು ಆಸ್ತಿ ಹಂಚಿಕೊಂಡು ಬೇರೆಯಾದರು. ಬೀಜದ ವ್ಯಾಪಾರ ಹಿಡಿದವನು ಕಂಪ್ಯೂಟರನ್ನು ಹುಬ್ಬಳ್ಳಿಗೆ ಒಯ್ದ, ನಮ್ಮಲ್ಲಿ ಕೆಲವರನ್ನೂ ಕರೆದ. ಶಿಗ್ಗಾಂವದ ಆ ಖೋಲಿಯನ್ನು ಖಾಲಿ ಮಾಡುವ ವಾರ ಅಕ್ಕ ಒಂದು ದಿನ ಬಂದಳು. ಇನ್ನೊಮ್ಮೆ ಒಳಗೆ ಬಂದು ನೋಡು ಎಂದು ಕೈ ಹಿಡಿದು ಎಳೆದೆ. ಅವಳು ಬರಲಿಲ್ಲ.

ಹೆದ್ದಾರಿಯ ಬದಿಗೆ ಕಬ್ಬಿನ ಹಾಲಿನ ಗಾಡಿ ಇತ್ತು. ಅಲ್ಲಿ ನಿಂತು ಇಬ್ಬರೂ ಕುಡಿದೆವು. ನನ್ನ ಲೋಟದಲ್ಲಿ ಐಸು ಕಂಡು ತನ್ನ ಲೋಟವನ್ನು ನನಗೆ ಕೊಟ್ಟು ನನ್ನದನ್ನು ತಾನು ತೆಗೆದುಕೊಂಡಳು. ನನಗೆ ಆಗ ನೆಗಡಿಯಾಗಿತ್ತು. ಲಾರಿಗಳು ಹೋಗುತ್ತಿದ್ದವು. ಅವಳ ಅಂಗೈ ಹಿಡಿದು ಬೆರಳಿನಿಂದ ಬರೆದೆ: ಸಿಟ್ಟೇನ?

ಅವಳು ಅಂಗೈಯನ್ನೇ ನೋಡಿದಳು. "ಸಿಟ್ಟಲ್ಲ" ಎಂದಳು, ಬಹಳ ಮೆಲ್ಲಗೆ. ಆಗೆಲ್ಲ ಅವಳ ದನಿ ಒಮ್ಮೆ ಅತಿ ಜೋರು, ಒಮ್ಮೆ ಅತಿ ಸಣ್ಣದಾಗುತ್ತಿತ್ತು. "ಆ ಯೋಜನಾ ನಾ ಬರಿಯೂ ಹೊತ್ನ್ಯಾಗ ದಿನಾ ಮನಸಿನ್ಯಾಗ ಆ ಖೋಲಿ ಒಳಗ ಹೋಗಿ ಕುಂದರ್ತಿದ್ದೆ. ಅಷ್ಟ ಸಾಕು."

ಹಿರೇಕೆರೂರಿನ ಬಸ್ಸು ಬಂತು. ಜನ ನುಗ್ಗಿದರು. ಅವಳು ಸೆರಗು ಸಿಗಿಸಿಕೊಂಡು ಹತ್ತಿ, ಕಿಟಕಿಯ ಸೀಟು ಹಿಡಿದು, ನನ್ನ ಕಡೆ ನೋಡಿ ಹೋಗು ಹೋಗು ಎಂದು ಕೈ ಮಾಡಿದಳು. ಬಸ್ಸು ತಿರುಗುವವರೆಗೂ ನಾನು ಏನೋ ಕೂಗುತ್ತಲೇ ಇದ್ದೆ.